ಚಿಕ್ಕಮ್ಮನ ವಿನಾಯಿತಿ

ನಮ್ಮೂರಿನ ವಿಶ್ವವಿದ್ಯಾಲಯದಲ್ಲಿ ಓದಬೇಕೆನ್ನುವವರು ಸೇರುವ ದಿನ ಒಂದು ಪದ ಕೊಡಬೇಕು. ಅಲ್ಲಿ ಕಲಿಸುವವರು, ಕಸ ಗುಡಿಸುವವರು, ಗಂಟೆ ಹೊಡೆಯುವವರು, ಇಂಥವರ ಮನೆಯವರಿಗೆ ಮಾತ್ರ ಅದರಿಂದ ವಿನಾಯಿತಿ ಉಂಟು. ಆ ವಿನಾಯಿತಿಗಾಗಿಯೇ ನಾನು ಹದಿನಾರು ವರ್ಷ ಅಲ್ಲಿ ಒಣಗಿದ ಗಿಡಗಳಿಗೆ ಹೆಸರಿನ ಚೀಟಿ ಅಂಟಿಸಿದೆ. ವಿದ್ಯೆಯ ಮೇಲಿನ ಭಕ್ತಿಯಿಂದ ಸೇರಿದೆ ಎಂದರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ. ಆದರೆ ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

ಪದ ಕೊಡುವುದು ಹೀಗೆ. ಆಡಳಿತ ಕಚೇರಿಯ ಹಿಂಭಾಗದಲ್ಲಿ ಒಂದು ಕೋಣೆಯಿದೆ, ಅದರ ತುಂಬ ಮಣ್ಣಿನ ಗಡಿಗೆಗಳು. ಒಬ್ಬರೇ ಒಳಗೆ ಹೋಗಿ, ಖಾಲಿ ಗಡಿಗೆಗೆ ಬಾಯಿಟ್ಟು ಪದ ಹೇಳಿ, ಮುಚ್ಚಳ ಹಾಕಬೇಕು. ಮುಚ್ಚಳ ಅಲುಗದೆ ಕೂತರೆ ಪದ ಸಂದಿತು ಎಂದರ್ಥ. ಮತ್ತೆ ಆ ಪದ ಆ ಬಾಯಲ್ಲಿ ಬರುವುದಿಲ್ಲ. ಗಡಗಡ ಎಂದರೆ ಗಡಿಗೆ ಒಪ್ಪಲಿಲ್ಲ, ಬೇರೆ ಪದ ನೋಡಬೇಕು. ದಿನವೂ ನಾಲಿಗೆಯ ಮೇಲೆ ಆಡುವ ಪದವನ್ನು ಮಾತ್ರ ಗಡಿಗೆ ಹಿಡಿಯುತ್ತದೆ. ನಿಘಂಟು ಹುಡುಕಿ ಯಾರಿಗೂ ಬೇಡದ ಪದ ತಂದ ಜಾಣರೆಲ್ಲ ಮುಚ್ಚಳದ ಸದ್ದು ಕೇಳಿಸಿಕೊಂಡು ಪೆಚ್ಚುಮೋರೆ ಹಾಕಿಕೊಂಡು ಹೊರಗೆ ಬಂದಿದ್ದಾರೆ.

ಹೋದ ಪದ ಒಂಟಿಯಾಗಿ ಹೋಗುವುದಿಲ್ಲ. ನಮ್ಮ ಪಕ್ಕದ ಮನೆಯ ಕೊಟ್ರಪ್ಪ ಮೇಷ್ಟ್ರು ಹದಿನೆಂಟನೇ ವಯಸ್ಸಿನಲ್ಲಿ 'ಉಪ್ಪು' ಕೊಟ್ಟವರು. ಸಾರಿಗೆ ಉಪ್ಪು ಕಡಿಮೆಯಾದರೆ ಬೆರಳು ತೋರಿಸುತ್ತಾರೆ, ಅದು ಸರಿ. ಉಪ್ಪಿನಕಾಯಿ ಕೇಳಲು ಹೋದರೂ ಅವರ ಬಾಯಲ್ಲಿ ಮೊದಲರ್ಧ ನುಂಗಿಹೋಗಿ 'ಕಾಯಿ' ಎಂದಷ್ಟೇ ಬರುತ್ತದೆ. ಮದುವೆ ಮನೆಯಲ್ಲಿ ಹೊಸಬರು ಬಡಿಸುತ್ತಿದ್ದರೆ ಮೇಷ್ಟ್ರ ಎಲೆಗೆ ತೆಂಗಿನಕಾಯಿ ಚೂರು ಬೀಳುತ್ತದೆ. ಅವರು ಅದನ್ನೇ ಗಂಭೀರವಾಗಿ ತಿನ್ನುತ್ತಾರೆ. ಆಸ್ಪತ್ರೆಯ ಡಾಕ್ಟರಮ್ಮ 'ಮನೆ' ಕೊಟ್ಟವರು. ವಾಸಿಯಾದವರಿಗೆ 'ಇನ್ನು ಹೊರಡಿ' ಎನ್ನುತ್ತಾರೆ. ಕೇಳಿದವರಿಗೆ ಮೊದಲು ಮುಖಕ್ಕೆ ಹೊಡೆದ ಹಾಗಾಗುತ್ತದೆ, ಆಮೇಲೆ ಗೊತ್ತಾಗುತ್ತದೆ. ಹೀಗೆ ಯಾರಾದರೂ ಮಾತಿನ ಮಧ್ಯೆ ತಡವರಿಸಿದರೆ ನಾವು ಬೇರೆ ಕಡೆ ನೋಡುತ್ತೇವೆ. ಯಾವ ಪದ ಕೊಟ್ಟಿರಿ ಎಂದು ಬಾಯಿಬಿಟ್ಟು ಕೇಳುವುದಿಲ್ಲ. ಅದು ನಮ್ಮೂರಿನ ಮರ್ಯಾದೆ.

ನನ್ನ ಅಕ್ಕ ವನಜ ಯಾವ ಪದ ಕೊಟ್ಟಳೆಂದು ನಾನು ಕೇಳಬೇಕಾಗಿಯೇ ಬರಲಿಲ್ಲ. ಅವಳು ಸೇರುವಾಗ ನನಗೆ ಹನ್ನೆರಡು ವರ್ಷ. ಕೊನೆಯ ದಿನ, ಕಚೇರಿ ಮುಚ್ಚುವ ಹೊತ್ತು. ಅವಳು ಮೊದಲು 'ಕನ್ನಡಿ' ಹೇಳಿದಳಂತೆ, ಮುಚ್ಚಳ ಗಡಗಡ ಎಂದಿತು. 'ರಂಗೋಲಿ' ಎಂದಳು, 'ಗೆಜ್ಜೆ' ಎಂದಳು. ಯಾವುದೂ ಹಿಡಿಯಲಿಲ್ಲ. ಹೊರಗಿನಿಂದ ಬಾಗಿಲು ಬಡಿಯುತ್ತಿದ್ದರು. ದಿನಕ್ಕೆ ನೂರು ಸಲ ಅವಳ ಬಾಯಲ್ಲಿ ಬರುತ್ತಿದ್ದ ಪದವೊಂದೇ ಆಗ ನೆನಪಿಗೆ ಬಂದದ್ದು. ನನ್ನ ಹೆಸರು ಅಂಬುಜ. ಅವಳು ಕರೆಯುತ್ತಿದ್ದದ್ದು ಅಂಬು ಎಂದು.

ಆ ಸಂಜೆ ನಾನು ಬಾಗಿಲಿಗೆ ಓಡಿ ಹೋದಾಗ ಅಕ್ಕ ಬಾಯಿ ತೆರೆದು ಹಾಗೇ ಮುಚ್ಚಿಕೊಂಡಳು. ಅಂಬುಜ ಎನ್ನಲು ಹೋದರೂ 'ಜ' ಎಂದಷ್ಟೇ ಬರುತ್ತಿತ್ತು. ಅಂದಿನಿಂದ ನಾನು 'ಇವಳೇ' ಆದೆ. ಏ ಇವಳೇ, ಬಾರೆ ಇಲ್ಲಿ. ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಎರಡು ವರ್ಷ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವಳು ಓದಿದಳು, ಶಾಲೆಯಲ್ಲಿ ಪಾಠ ಹೇಳಿದಳು, ಮದುವೆಯಾದಳು. ಭಾವ ಜ್ವರದಲ್ಲಿ ತೀರಿಹೋದ ಮೇಲೆ ಎಂಟು ತಿಂಗಳ ಮಗು ಮೇದಿನಿಯನ್ನು ಎತ್ತಿಕೊಂಡು ನನ್ನ ಹತ್ತಿರ ಬಂದಳು. ಅಪ್ಪ ಅಮ್ಮ ಆಗಲೇ ಇರಲಿಲ್ಲ. ವರ್ಷ ತುಂಬುವುದರೊಳಗೆ ಅವಳೂ ಹಾಸಿಗೆ ಹಿಡಿದಳು.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದೆ. ಒಳಗೆ ಲೋಟದ ಸದ್ದು, ನೆಲಕ್ಕೆ ಟಣ್ ಟಣ್ ಎಂದು ಬಡಿದ ಹಾಗೆ. ಮಗು ಆಡುತ್ತಿದೆ ಎಂದುಕೊಂಡೆ. ಕುಟ್ಟಿ ಮುಗಿಸಿ, ಕೈ ತೊಳೆದು ಒಳಗೆ ಹೋದರೆ ಮಗು ಮೂಲೆಯಲ್ಲಿ ನಿದ್ದೆ ಮಾಡುತ್ತಿತ್ತು. ಲೋಟ ಅಕ್ಕನ ಕೈಯಲ್ಲಿತ್ತು. ಕೈ ತಣ್ಣಗಾಗಿತ್ತು. ಒಂದು ಸಲ ಅಂಬು ಎಂದು ಕೂಗಿದ್ದರೆ ಓ ಎಂದು ಓಡಿಬರುತ್ತಿದ್ದೆ. ಜೀವ ಹೋಗುವ ಹೊತ್ತಿಗೆ ಬಾಯಿಗೆ ಬರುವುದು ಹೆಸರು, 'ಇವಳೇ' ಅಲ್ಲ. ಕೂಗಲು ಅವಳ ಹತ್ತಿರ ಆ ಹೆಸರಿರಲಿಲ್ಲ. ಈ ಮಗು ಮಾತ್ರ ಯಾವ ಗಡಿಗೆಗೂ ಯಾವ ಪದವನ್ನೂ ಕೊಡಬಾರದು ಎಂದು ನಾನು ಅಂದೇ ನಿಶ್ಚಯಿಸಿದೆ.

ತಿಂಗಳೊಳಗೆ ವಿಶ್ವವಿದ್ಯಾಲಯದ ಸಸ್ಯ ಸಂಗ್ರಹಾಲಯಕ್ಕೆ ಸೇರಿದೆ. ಹದಿನೈದು ವರ್ಷ ತುಂಬಿಸಿದ ನೌಕರರಿಗೆ ವಿನಾಯಿತಿ ಎಂದು ನಿಯಮದ ಪುಸ್ತಕದಲ್ಲಿತ್ತು. 'ಪತಿ, ಪತ್ನಿ, ಹೆತ್ತ ಅಥವಾ ಸಾಕಿದ ಮಕ್ಕಳು.' ಆ ಸಾಲನ್ನು ಬಾಯಿಪಾಠ ಮಾಡಿಕೊಂಡೆ. ಮದುವೆಯ ಮಾತು ಎರಡು ಸಲ ಬಂತು. ಎರಡು ಸಲವೂ ಬಂದವರು ಮಗುವನ್ನು ಎಲ್ಲಿ ಬಿಡುತ್ತೀಯ ಎಂದು ಕೇಳಿದರು. ಕಾಫಿ ಕೊಟ್ಟು ಕಳಿಸಿದೆ.

ನನ್ನ ಕೆಲಸ ಗಿಡವನ್ನು ಕಾಗದದ ನಡುವೆ ಒತ್ತಿ ಒಣಗಿಸಿ, ಹಾಳೆಗೆ ಹೊಲಿದು, ಮೂಲೆಯಲ್ಲಿ ಹೆಸರಿನ ಚೀಟಿ ಅಂಟಿಸುವುದು. ಹೆಸರು ತಪ್ಪಿದರೆ ಗಿಡ ಇದ್ದೂ ಇಲ್ಲದ ಹಾಗೆ, ಹುಡುಕಿದವರಿಗೆ ಸಿಗುವುದಿಲ್ಲ. ಅಲ್ಲಿ ಇನ್ನೊಂದು ಪದ್ಧತಿಯಿದೆ. ಮೊದಲು ಬರೆದ ಹೆಸರು ಸರಿಯಿಲ್ಲವೆಂದು ಮುಂದೆ ಯಾರಾದರೂ ಕಂಡುಹಿಡಿದರೂ ಹಳೆಯ ಚೀಟಿಯನ್ನು ಕೀಳುವ ಹಾಗಿಲ್ಲ. ಹೊಸದನ್ನು ಪಕ್ಕದಲ್ಲಿ ಅಂಟಿಸಬೇಕು, ಎರಡೂ ಇರಬೇಕು. ಹೆಸರು ತಪ್ಪದೆ ಬರೆಯುವುದನ್ನು ನಾನು ಚೆನ್ನಾಗಿ ಕಲಿತೆ. ಎರಡು ಚೀಟಿ ಇಡುವುದನ್ನು ಹಾಳೆಯ ಮೇಲೆ ಮಾತ್ರ ಮಾಡಿದೆ, ಮನೆಗೆ ತರಲಿಲ್ಲ.

ಮೇದಿನಿಗೆ ಎರಡು ತುಂಬುವ ಹೊತ್ತು. ಒಂದು ಬೆಳಿಗ್ಗೆ ನನ್ನ ಸೆರಗು ಹಿಡಿದು 'ಅಮ್ಮ' ಎಂದಳು. ನಾನು ಅವಳನ್ನು ಎತ್ತಿಕೊಂಡು ಅಕ್ಕನ ಪಟದ ಮುಂದೆ ನಿಲ್ಲಿಸಿದೆ. 'ಅಮ್ಮ ಅಲ್ಲಿ. ನಾನು ಚಿಕ್ಕಮ್ಮ' ಎಂದೆ. ಅವಳು ಮತ್ತೆ ಅಮ್ಮ ಎಂದಳು. ನಾನು ಓಗೊಡಲಿಲ್ಲ. ನಾಲ್ಕು ದಿನ ಆ ಕೂಸು ಅಮ್ಮ ಅಮ್ಮ ಎಂದು ಅಳುತ್ತ ಹಿಂದೆ ಮುಂದೆ ಓಡಾಡಿತು. ನಾನು ಕೇಳಿಸದವಳ ಹಾಗೆ ಪಾತ್ರೆ ತೊಳೆದೆ, ಅನ್ನ ಬಸಿದೆ. ಐದನೆಯ ದಿನ 'ತಿಕ್ಕಮ್ಮ' ಎಂದಳು. ಓ ಎಂದು ಎತ್ತಿ ಮುದ್ದಾಡಿದೆ. ಅಕ್ಕನಿಗೆ ಈ ಲೋಕದಲ್ಲಿ ಉಳಿದಿದ್ದು ಆ ಒಂದು ಪದ, ಅದನ್ನೂ ನಾನು ಇಟ್ಟುಕೊಂಡರೆ ಕಳ್ಳತನ ಮಾಡಿದ ಹಾಗೆ ಎಂದು ನನಗೆ ಅನಿಸಿತ್ತು.

ಹುಡುಗಿ ಬೆಳೆದದ್ದು ಸಂಗ್ರಹಾಲಯದ ಮೇಜಿನ ಕೆಳಗೆ. ಶಾಲೆ ಬಿಟ್ಟ ಕೂಡಲೇ ಬಂದು, ನಾನು ಎಸೆದ ಹುಲ್ಲಿನ ತುಣುಕುಗಳನ್ನು ಆರಿಸಿ ತನ್ನ ಪುಸ್ತಕಕ್ಕೆ ಅಂಟಿಸಿಕೊಳ್ಳುತ್ತಿದ್ದಳು. ಚಿಕ್ಕಮ್ಮ ಇದೇನು, ಚಿಕ್ಕಮ್ಮ ಅದೇನು. ನಾನು ಎಷ್ಟು ಗದರಿದರೂ ಆ ಬಾಯಿ ನಿಲ್ಲುತ್ತಿರಲಿಲ್ಲ. ಹುಲ್ಲುಗಳಲ್ಲಿ ಯಾರೂ ಹೆಸರಿಡದವು ಇನ್ನೂ ಎಷ್ಟೋ ಇವೆ ಎಂದು ಯಾರೋ ಹೇಳಿದ ದಿನ ಅವಳು ಊಟ ಬಿಟ್ಟು ಅದನ್ನೇ ಮಾತಾಡಿದಳು. ಸಸ್ಯಶಾಸ್ತ್ರಕ್ಕೆ ಸೀಟು ಸಿಕ್ಕಿದಾಗ ನಾನು ವಿನಾಯಿತಿಯ ಅರ್ಜಿ ತುಂಬಿಸಿ, ಎದೆಯುಬ್ಬಿಸಿಕೊಂಡು ಕಚೇರಿಗೆ ಹೋದೆ.

ವಿನಾಯಿತಿ ವಿಭಾಗದ ಗುಮಾಸ್ತರು ಶಂಭುಲಿಂಗಯ್ಯನವರು. ಮೆದು ಮಾತಿನವರು, ಮಾತಿನ ನಡುನಡುವೆ ಎಲೆಅಡಿಕೆ ಜಗಿಯುವವರು. ಅರ್ಜಿಯನ್ನು ಓದಿ, 'ಸರಿಯಾಗಿದೆ ಅಂಬುಜಮ್ಮ. ಮುಂದಿನ ತಿಂಗಳು ಹುಡುಗೀನ ಕರ್ಕೊಂಡು ಬನ್ನಿ. ಕರೆ ನೋಡಿಬಿಡೋಣ' ಎಂದರು.

'ಕರೆ ಅಂದ್ರೆ?'

'ಕಾಗದ ಪತ್ರ ಎಲ್ಲ ನಾವು ನಂಬಲ್ಲ. ಹುಡುಗಿ ಮುಚ್ಚಿದ ಗಡಿಗೆ ಮುಂದೆ ನಿಂತು ನಿಮ್ಮನ್ನ ಕರೀಬೇಕು. ಮುಚ್ಚಿರೋದ್ರಿಂದ ಪದ ಒಳಗೆ ಹೋಗಲ್ಲ, ಕರೆ ನಿಜಾನಾ ಅಂತ ಮಾತ್ರ ಗೊತ್ತಾಗುತ್ತೆ. ಮುಚ್ಚಳ ಸುಮ್ನಿದ್ರೆ ವಿನಾಯಿತಿ.'

'ಏನಂತ ಕರೀಬೇಕು?'

ಅವರು ನಕ್ಕರು. 'ಇದೆಂಥ ಪ್ರಶ್ನೆ! ಸಾಕಿದ ತಾಯೀನ ಅಮ್ಮ ಅಂತ ತಾನೆ ಕರೆಯೋದು?'

ಹದಿನಾರು ವರ್ಷದಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಎಲ್ಲರ ಮಕ್ಕಳೂ ಅವರವರ ಅಮ್ಮನನ್ನು ಅಮ್ಮ ಎಂದೇ ಕರೆಯುವಾಗ ಹೇಳಬೇಕೆಂದು ಯಾರಿಗೆ ತಾನೆ ಹೊಳೆದೀತು? ನಾನು ಮನೆಗೆ ಬಂದವಳು ಚಪ್ಪಲಿ ಬಿಡದೆ ಅಡುಗೆಮನೆಯವರೆಗೂ ಹೋದೆ.

ವಿಷಯ ಕೇಳಿ ಮೇದಿನಿ ಹೆದರಲಿಲ್ಲ. 'ಒಂದು ತಿಂಗಳಿದೆಯಲ್ಲ ಚಿಕ್ಕಮ್ಮ. ಇವತ್ತಿಂದ ಅಮ್ಮ ಅಂತೀನಿ ಬಿಡು' ಎಂದಳು. ಹಾಗೇ ಮಾಡಿದಳು ಕೂಡ. ಅಮ್ಮ, ಕಾಫಿ ಆಯ್ತಾ? ಅಮ್ಮ, ನನ್ನ ಲಂಗ ಎಲ್ಲಿ? ಹೇಳುವಾಗ ಅವಳ ಕಣ್ಣು ನನ್ನ ಮುಖದ ಮೇಲಿರುತ್ತಿತ್ತು, ಪಾಠ ಒಪ್ಪಿಸುವ ಮಗುವಿನ ಹಾಗೆ. ನನ್ನ ಪಾಡು ಅದಕ್ಕಿಂತ ಕಷ್ಟ. ಅವಳು ಅಮ್ಮ ಎಂದಾಗಲೆಲ್ಲ ನಾನು ತಿರುಗಿ ಅಕ್ಕನ ಪಟ ನೋಡುತ್ತಿದ್ದೆ. ಓ ಎನ್ನಲು ಬಾಯಿ ತೆರೆದರೆ ನೆಲದ ಮೇಲೆ ಲೋಟ ಬಡಿದ ಸದ್ದು ಕೇಳಿಸುತ್ತಿತ್ತು. 'ಹೂಂ' ಎನ್ನುತ್ತಿದ್ದೆ. 'ಏನು' ಎನ್ನುತ್ತಿದ್ದೆ. ಓ ಎಂದು ಒಮ್ಮೆಯೂ ಅನ್ನಲಿಲ್ಲ. ಹೂಂ ಎಂದರೂ ಓಗೊಟ್ಟ ಹಾಗೇ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ.

ಆ ದಿನ ಬಂತು. ಶಂಭುಲಿಂಗಯ್ಯನವರು ಮೇಜಿನ ಮೇಲೆ ಮುಚ್ಚಿದ ಗಡಿಗೆಯೊಂದನ್ನು ಇಟ್ಟು, ನನ್ನನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿದರು. ಮೇದಿನಿ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡಿದ್ದಳು, ಜಡೆ ಇನ್ನೂ ಒದ್ದೆ. ಗಡಿಗೆಯ ಕಡೆ ಬಾಗಿ, 'ಅಮ್ಮ' ಎಂದಳು.

ಮುಚ್ಚಳ ಗಡಗಡ ಎಂದಿತು.

'ಇನ್ನೊಂದು ಸಲ ಮಗಾ, ಗಾಬರಿ ಆಗ್ಬೇಡ' ಎಂದರು ಗುಮಾಸ್ತರು. ಅವಳು ಮತ್ತೆ ಕರೆದಳು. ಮೂರನೆಯ ಸಲ ಜೋರಾಗಿ ಕರೆದಳು. ಮುಚ್ಚಳ ಮೂರು ಸಲವೂ ಕುಣಿಯಿತು. 'ಮನೇಲಿ ಹೇಗೆ ಕರೀತೀಯೋ ಹಾಗೆ ಕರಿ' ಎಂದರು. ಅವಳು ನನ್ನ ಕಡೆ ನೋಡಿ, ತೀರ ಮೆಲ್ಲಗೆ, 'ಚಿಕ್ಕಮ್ಮ' ಎಂದಳು. ಮುಚ್ಚಳ ಕಲ್ಲಿನ ಹಾಗೆ ಕೂತುಬಿಟ್ಟಿತು.

ಶಂಭುಲಿಂಗಯ್ಯನವರು ಜಗಿಯುವುದನ್ನು ನಿಲ್ಲಿಸಿದರು. 'ವಿನಾಯಿತಿ ಬರಲ್ಲ ಅಂಬುಜಮ್ಮ' ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. 'ಯಾಕೆ ಬರಲ್ಲ? ಹಾಲು ಕುಡಿಸಿದ್ದು ಯಾರು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು ಯಾರು? ನಿಮ್ಮ ಗಡಿಗೆ ಕೂತಿತ್ತಾ? ಚಿಕ್ಕಮ್ಮ ಅನ್ನೋದ್ರಲ್ಲಿ ಅಮ್ಮ ಇಲ್ವಾ?'

'ಇದೆ ತಾಯಿ. ಮುಂದೆ ಚಿಕ್ಕ ಅಂತ ಒಂದಿದೆಯಲ್ಲ, ನಾನೇನ್ಮಾಡ್ಲಿ?' ಎಂದರು ಅವರು. ಆಮೇಲೆ ದನಿ ತಗ್ಗಿಸಿ, 'ಹುಡುಗಿ ಕರೆದಿದ್ದಾಳೆ, ಅವಳದೇನೂ ತಪ್ಪಿಲ್ಲ. ಆದ್ರೆ ಕರೆಯೋದು ಅರ್ಧ ಮಾತ್ರ. ಓ ಅನ್ನೋರು ಓ ಅಂದಿದ್ರೇ ಪದಕ್ಕೆ ತೂಕ ಬರೋದು. ನೀವು ಓಗೊಟ್ಟಿಲ್ಲ ಅಂತ ಕಾಣುತ್ತೆ' ಎಂದರು.

ಹದಿನಾರು ವರ್ಷದ ಚಾಕರಿಯನ್ನು ನಾನು ನಾಲ್ಕು ದಿನದಲ್ಲಿ ಕಳೆದಿದ್ದೆ, ಅದೂ ಕೆಲಸ ಸರಿಯಾಗಿ ಹಿಡಿಯುವ ಮೊದಲೇ. ಅಲ್ಲಿಯೇ ಬೆಂಚಿನ ಮೇಲೆ ಕೂತೆ.

'ಸಾಯಂಕಾಲದೊಳಗೆ ಪದ ಕೊಟ್ರೆ ಸೀಟು ಉಳಿಯುತ್ತೆ. ಇವತ್ತೇ ಕೊನೇ ದಿನ' ಎಂದರು ಅವರು. ಅಕ್ಕನದೂ ಕೊನೆಯ ದಿನವೇ ಆಗಿತ್ತು. ನಾನು ಮೇದಿನಿಯ ಕೈ ಹಿಡಿದೆ. 'ಬೇಡ ಕಣೆ. ಮನೆಗೆ ಹೋಗೋಣ. ಓದದೇ ಇದ್ರೆ ಏನಾಗುತ್ತೆ? ನನ್ನ ಜೊತೆ ಬಂದು ಚೀಟಿ ಅಂಟಿಸು.'

'ಹುಲ್ಲಿಗೆ ಹೆಸರಿಡೋರು ಬೇಕಲ್ಲ. ಅಂಟಿಸೋಕೆ ನೀನಿದ್ದೀಯ' ಎಂದಳು ಅವಳು. ನಗಲು ನೋಡಿದಳು, ಆಗಲಿಲ್ಲ.

ಅವಳ ಹತ್ತಿರ ಇದ್ದ ತೂಕದ ಪದಗಳು ಯಾವುವೆಂದು ನನಗೆ ಗೊತ್ತು. ಹುಲ್ಲು, ಎಲೆ, ಬೇರು. ಅವನ್ನು ಕೊಟ್ಟರೆ ಓದುವುದಕ್ಕೆ ಏನು ಉಳಿಯುತ್ತದೆ? ಅವೆಲ್ಲಕ್ಕಿಂತ ಹೆಚ್ಚು ಸಲ ಅವಳ ಬಾಯಲ್ಲಿ ಬಂದ ಪದ ಇನ್ನೊಂದಿತ್ತು. ಅದನ್ನು ಗಡಿಗೆ ಒಂದೇ ಸಲಕ್ಕೆ ಹಿಡಿಯುತ್ತದೆ ಎಂದು ಈಗಷ್ಟೇ ಅವಳ ಕಣ್ಣೆದುರೇ ಗೊತ್ತಾಗಿತ್ತು. ಅವಳಮ್ಮನೂ ಇಂಥದೇ ಗಳಿಗೆಯಲ್ಲಿ ನನ್ನನ್ನೇ ಕೊಟ್ಟಿದ್ದಳು. ಮತ್ತೆ ನಾನು 'ಇವಳೇ' ಆಗುತ್ತೇನೆ, ನನಗೆ ಕಣ್ಣು ಕತ್ತಲೆ ಬಂದಾಗ ಈ ಹುಡುಗಿ ಲೋಟ ಬಡಿಯುತ್ತಾಳೆ ಎನಿಸಿತು. ನನ್ನನ್ನು ಮಾತ್ರ ಕೊಡಬೇಡ ಎನ್ನಬೇಕೆಂದು ಬಾಯಿಯವರೆಗೆ ಬಂತು. ನಾಚಿಕೆಯಾಯಿತು. ನನ್ನ ತಪ್ಪಿಗೆ ದಂಡ ಕಟ್ಟಲು ಹೊರಟವಳನ್ನು ನಾನು ಏನೆಂದು ಬೇಡಲಿ?

'ಹುಲ್ಲು ಕೊಡ್ಬೇಡ. ಬೇರೆ ಏನಾದ್ರೂ ಕೊಡು' ಎಂದೆ ಕೊನೆಗೆ. ಅವಳು ಒದ್ದೆ ಜಡೆ ಹಿಂದಕ್ಕೆ ಹಾಕಿಕೊಂಡು ಒಳಗೆ ಹೋದಳು.

ನಾನು ಬೆಂಚಿನ ಮೇಲೆ ಕೂತು ಕಿವಿಗೊಟ್ಟೆ. ಅಕ್ಕನ ಹಾಗೆ ಮೂರು ಸಲ ಗಡಗಡ ಎಂದೀತು, ಅಷ್ಟರಲ್ಲಿ ನಾನು ಬಾಗಿಲು ತಳ್ಳಿಕೊಂಡು ಹೋಗಿ ಅವಳನ್ನು ಎಳೆದು ತಂದುಬಿಡುತ್ತೇನೆ ಎಂದುಕೊಂಡಿದ್ದೆ. ಒಂದು ಸಲವೂ ಸದ್ದಾಗಲಿಲ್ಲ. ಹೋದವಳು ಅಷ್ಟೇ ಬೇಗ ಹೊರಗೆ ಬಂದಳು. ಮೊದಲನೆಯ ಪದವನ್ನೇ ಗಡಿಗೆ ಹಿಡಿದಿತ್ತು. ಆಯಿತು, ನನ್ನನ್ನೇ ಕೊಟ್ಟಳು ಎಂದುಕೊಂಡೆ.

ನಮ್ಮೂರಲ್ಲಿ ಯಾರೂ ಕೇಳಬಾರದ್ದನ್ನು ನಾನು ಕೇಳಿಬಿಟ್ಟೆ. 'ಏನು ಕೊಟ್ಟೆ?'

'ಪುಟ್ಟದೊಂದು ಪದ' ಎಂದಳು ಮೇದಿನಿ. ಮೊದಲ ಸಲ ನಡೆಯುವವರ ಹಾಗೆ ಒಂದೊಂದೇ ಮಾತು ನೋಡಿಕೊಂಡು ಇಡುತ್ತಿದ್ದಳು. 'ಅಷ್ಟೇನೂ ಬೇಕಾದ್ದಲ್ಲ. ದೊಡ್ಡದಲ್ಲದ ಎಲೆ ಅಂದ್ರೂ ನಡೆಯುತ್ತೆ. ನಡಿ, ಹಸಿವಾಗ್ತಿದೆ...'

ಅಭ್ಯಾಸದಂತೆ ಅವಳ ಬಾಯಿ ನನ್ನನ್ನು ಕರೆಯಲು ತೆರೆಯಿತು. ತುಟಿ ತಡೆಯಿತು, ಗಂಟಲಲ್ಲಿ ಏನೋ ನುಂಗಿಹೋಯಿತು. ಊರಿನ ಮರ್ಯಾದೆಯಂತೆ ನಾನು ಬೇರೆ ಕಡೆ ನೋಡಬೇಕಿತ್ತು. ನೋಡಲಿಲ್ಲ. ಮೇಷ್ಟ್ರ ಉಪ್ಪಿನಕಾಯಿಯಲ್ಲಿ ಉಪ್ಪು ಹೋಗಿ ಕಾಯಿ ಉಳಿದ ಹಾಗೆ, ಅವಳ ಬಾಯಿಂದ ಉಳಿದ ಅರ್ಧ ಹೊರಗೆ ಬಂತು.

'ಅಮ್ಮ' ಎಂದಳು.

ಪಾಠ ಒಪ್ಪಿಸಿದ ದನಿಯಲ್ಲ ಅದು. ದಿನಕ್ಕೆ ನೂರು ಸಲ ಹದಿನಾರು ವರ್ಷ ನನ್ನನ್ನು ಕರೆದ ದನಿಯೇ, ಮುಂದಿನ ಚಿಕ್ಕ ಮಾತ್ರ ಇರಲಿಲ್ಲ. ಅವಳಿಗೂ ಅಳು ಬಂದಿತ್ತು. ನನ್ನ ಕತ್ತು ಹಳೆಯ ರೂಢಿಯಂತೆ ಅಕ್ಕನ ಪಟ ಹುಡುಕಲು ತಿರುಗಿತು. ಅಲ್ಲಿ ಪಟವಿರಲಿಲ್ಲ, ಸುಣ್ಣ ಬಳಿದ ಗೋಡೆಯಿತ್ತು. ಹಳೆಯ ಚೀಟಿಯನ್ನು ಯಾರೂ ಕೀಳುತ್ತಿಲ್ಲ, ಪಕ್ಕದಲ್ಲಿ ಇನ್ನೊಂದನ್ನು ಅಂಟಿಸಲು ಜಾಗವಿದೆ ಎಂದು ಅಷ್ಟು ವರ್ಷ ಕೈಯಲ್ಲಿ ಮಾಡಿದ್ದು ಆಗ ತಲೆಗೆ ಹತ್ತಿತು.

'ಅಮ್ಮ' ಎಂದಳು ಮತ್ತೊಮ್ಮೆ, ನನಗೆ ಕೇಳಿಸಲಿಲ್ಲವೇನೋ ಎಂಬಂತೆ.

'ಓ' ಎಂದೆ. ದನಿ ಸರಿಯಾಗಿ ಹೊರಡಲಿಲ್ಲ. ಎದ್ದು ನಿಂತು, ಕಚೇರಿಗೆಲ್ಲ ಕೇಳುವ ಹಾಗೆ ಇನ್ನೊಂದು ಸಲ ಅಂದೆ, 'ಓ!'

ಶಂಭುಲಿಂಗಯ್ಯನವರು ಕಿಟಕಿಯ ಕಡೆ ತಿರುಗಿ, ನಾವು ಹೊರಗೆ ಹೋಗುವವರೆಗೂ ಅಲ್ಲಿಯೇ ನೋಡುತ್ತ ನಿಂತಿದ್ದರು.